ಕಾರು ತೊಳೆಯುವುದು ಪಾತ್ರೆ ತಿಕ್ಕಿದ ಹಾಗಲ್ಲ



ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಸಂಘದ ಮಾಸಿಕ ಸಭೆಗೆ ಹೋಗಿದ್ದೆವು. ಉಳಿತಾಯದ ಹಣ ಲೆಕ್ಕ ಮಾಡಿ ಪುಸ್ತಕಕ್ಕೆ ಬರೆದದ್ದಾಯಿತು. ಸಾಲದ ಕಂತಿನ ಸರದಿ ಬಂದಾಗ ಒಬ್ಬ ಸದಸ್ಯೆ, "ಈ ತಿಂಗಳು ನನಗೆ ಪೂರ್ತಿ ಕಟ್ಟಲಿಕ್ಕೆ ಆಗೋದಿಲ್ಲ" ಅಂದರು. ಅವರು ಯಾವತ್ತೂ ಕಂತು ತಪ್ಪಿಸಿದವರಲ್ಲ. ಎಲ್ಲರೂ ಒತ್ತಾಯ ಮಾಡಿ ಕೇಳಿದಾಗ ವಿಷಯ ಹೊರಗೆ ಬಂತು.

ಅವರು ಎರಡು ಮನೆಗೆ ಕೆಲಸಕ್ಕೆ ಹೋಗುತ್ತಾರೆ. ಒಂದು ಮನೆಯಲ್ಲಿ ಡ್ರೈವರ್ ಬಿಟ್ಟುಹೋದ ಮೇಲೆ ಕಾರು ತೊಳೆಯುವ ಕೆಲಸವೂ ಇವರ ತಲೆಗೇ ಬಂತು. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ತಗೊಂಡು, ಪಾತ್ರೆ ಸೋಪು ಹಾಕಿ, ಇದ್ದ ಶಕ್ತಿಯೆಲ್ಲ ಸುರಿದು ಉಜ್ಜಿದ್ದಾರೆ. ಕಪ್ಪು ಬಣ್ಣದ ಕಾರು. ಮರುದಿನ ಬಿಸಿಲಿಗೆ ನಿಲ್ಲಿಸಿದಾಗ ಬಾನೆಟ್ ತುಂಬ ಜೇಡರ ಬಲೆಯಂಥ ಗೆರೆಗಳು. ಮನೆಯವರು ಆ ತಿಂಗಳ ಸಂಬಳದಲ್ಲಿ 1,500 ರೂಪಾಯಿ ಹಿಡಿದುಕೊಂಡರು.

"ಕೊಳೆ ಬಿಟ್ಟಿದ್ದರೆ ಸೋಮಾರಿ ಅಂತಿದ್ರು. ಉಜ್ಜಿದ್ದಕ್ಕೆ ದಂಡ ಹಾಕಿದ್ರು. ಕಾರು ಹೇಗೆ ತೊಳೆಯೋದು ಅಂತ ನನಗೆ ಯಾರು ಹೇಳಿಕೊಟ್ಟಿದ್ದಾರೆ ಮೇಡಂ?"

ಈ ಪ್ರಶ್ನೆಗೆ ನಮ್ಮ ಹತ್ತಿರವೂ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಕಚೇರಿಯ ಹಳೇ ನೀಲಿ ಓಮ್ನಿಯನ್ನು ನಾವೂ ಇಷ್ಟು ವರ್ಷ ಬಟ್ಟೆ ಸೋಪಿನ ಪುಡಿ ಹಾಕಿಯೇ ತೊಳೆಯುತ್ತಿದ್ದೆವು. ಹಾಗಾಗಿ ಗ್ಯಾರೇಜಿನಲ್ಲಿ ತುಂಬಾ ವರ್ಷಗಳಿಂದ ಗಾಡಿಗಳಿಗೆ ಬಣ್ಣ ಹೊಡೆಯುವ ಒಬ್ಬ ಪೈಂಟರ್ ಅಣ್ಣನನ್ನು ಕೇಳಿಕೊಂಡೆವು. ಅವರು ಒಂದು ಶನಿವಾರ ಬಂದು, ನಾವು ನಾಲ್ಕು ಜನರ ಕೈಯಿಂದಲೇ ಓಮ್ನಿ ತೊಳೆಸಿ, ಅರ್ಧ ಬಾನೆಟ್‌ಗೆ ಪಾಲಿಶ್ ಮಾಡಿಸಿದರು. ಆ ದಿನ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮನೆಗೆಲಸಕ್ಕೆ ಹೋಗುವವರಿಗೆ ಮಾತ್ರ ಅಲ್ಲ, ಮನೆಯಲ್ಲಿ ಆಟೋ, ಟ್ಯಾಕ್ಸಿ, ಗೂಡ್ಸ್ ಗಾಡಿ ಇರುವವರಿಗೂ ಇದು ಬೇಕಾದ ವಿಷಯ. ಗಾಡಿ ಮಾರುವ ದಿನ ಕೊಳ್ಳುವವರು ಮೊದಲು ನೋಡುವುದು ಬಣ್ಣವನ್ನೇ ಅಲ್ಲವೇ?

ಒಂದು ಹಾಳೆಯಷ್ಟು ದಪ್ಪ

ಪೈಂಟರ್ ಅಣ್ಣ ಬಂದವರೇ ಮೊದಲು ನಮ್ಮ ನೋಟ್‌ಬುಕ್ಕಿನ ಒಂದು ಹಾಳೆ ಹರಿದುಕೊಂಡರು. "ಅಕ್ಕ, ಕಾರಿನ ತಗಡಿನ ಮೇಲೆ ಇರೋ ಬಣ್ಣ ಎಲ್ಲಾ ಸೇರಿ ಇಷ್ಟೇ ದಪ್ಪ" ಅಂದರು. ನಾವು ನಂಬಲಿಲ್ಲ. ಆದರೆ ಮಾತು ಸರಿ. ಕಂಪೆನಿಯಿಂದ ಬರುವ ಕಾರಿನ ಬಣ್ಣ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ದಪ್ಪ ಇರುತ್ತದೆ. ಅಷ್ಟರೊಳಗೇ ಹಲವು ಪದರ. ತಗಡಿಗೆ ತಾಗಿಕೊಂಡು ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ನಮಗೆ ಕಾಣುವ ಬಣ್ಣ, ಎಲ್ಲದರ ಮೇಲೆ ಗಾಜಿನಂತೆ ಪಾರದರ್ಶಕವಾದ ಇನ್ನೊಂದು ಪದರ. ಇದಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಹೊಳಪು ಕೊಡುವುದೂ, ಬಿಸಿಲು ಮಳೆ ತಡೆದುಕೊಳ್ಳುವುದೂ ಈ ಮೇಲಿನ ಪದರವೇ. ಅದರ ದಪ್ಪ ನಮ್ಮ ತಲೆಕೂದಲಿಗಿಂತ ಕಡಿಮೆ.

ನಾವು ಸ್ಟೀಲ್ ಪಾತ್ರೆ ತಿಕ್ಕಿ ಅಭ್ಯಾಸ ಆದವರು. ಪಾತ್ರೆ ಒಳಗೂ ಹೊರಗೂ ಒಂದೇ ಲೋಹ, ಎಷ್ಟು ತಿಕ್ಕಿದರೂ ಅಡಿಯಲ್ಲಿ ಮತ್ತೆ ಸ್ಟೀಲೇ ಸಿಗುತ್ತದೆ. ಕಾರಿನಲ್ಲಿ ಹಾಗಲ್ಲ. ತಿಕ್ಕಿದಷ್ಟೂ ಆ ಕೂದಲಿನಷ್ಟು ಪದರ ಸವೆಯುತ್ತದೆ. ಅದು ಹೋದಲ್ಲಿ ಬಣ್ಣ ಮಂಕಾಗುತ್ತದೆ, ಆಮೇಲೆ ಪುಡಿ ಪುಡಿಯಾಗಿ ಏಳುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ತಗಡು ಕಂಡರೆ ಸಾಕು, ತುಕ್ಕು ಶುರು.

ಹಸಿರು ಸ್ಕ್ರಬ್ಬರಿನಲ್ಲಿ ಮರಳು ಕಾಗದದ ಹಾಗೆ ಗಡಸು ಕಣಗಳನ್ನು ಅಂಟಿಸಿರುತ್ತಾರೆ. ತೆಂಗಿನ ನಾರೂ ಈ ಕೆಲಸಕ್ಕೆ ಆಗದು. ಸ್ಕ್ರಬ್ಬರ್ ಹಿಡಿದರೆ ಹಾಳು ಅಂತ ಈಗ ಎಲ್ಲರಿಗೂ ಅರ್ಥ ಆಗುತ್ತದೆ. ಆದರೆ ಅಷ್ಟೇ ದೊಡ್ಡ ಹಾನಿ ಮಾಡುವುದು ಬೆಳಿಗ್ಗೆ ಎದ್ದು ಒಣ ಬಟ್ಟೆಯಲ್ಲಿ ಧೂಳು ಒರೆಸುವ ಅಭ್ಯಾಸ. ನಮ್ಮ ಕೆಂಪುಕಲ್ಲಿನ ರಸ್ತೆಯ ಧೂಳು ಮೆತ್ತಗೆ ಕಾಣುತ್ತದೆ. ಅದರೊಳಗೆ ಸಣ್ಣ ಸಣ್ಣ ಮರಳಿನ ಕಣ ಇರುತ್ತದೆ, ಅದು ಬಣ್ಣಕ್ಕಿಂತ ಗಟ್ಟಿ. ಒಣ ಬಟ್ಟೆ ಎಳೆದಾಗ ಆ ಕಣಗಳು ಬಟ್ಟೆಯ ಕೆಳಗೆ ಉರುಳುತ್ತಾ ಗೆರೆ ಎಳೆಯುತ್ತಾ ಹೋಗುತ್ತವೆ. ದಿನಾ ಒಂದೆರಡು ಗೆರೆ ಕಣ್ಣಿಗೆ ಬೀಳುವುದಿಲ್ಲ. ಒಂದು ವರ್ಷ ಕಳೆದು ಬಿಸಿಲಿನಲ್ಲಿ ನೋಡಿದಾಗ ಜೇಡರ ಬಲೆ ಕಾಣುತ್ತದೆ. (ಗೆರೆಗಳು ಎಲ್ಲಾ ದಿಕ್ಕಿಗೂ ಇರುತ್ತವೆ. ಸೂರ್ಯನ ಬೆಳಕು ಬಿದ್ದ ಜಾಗದ ಸುತ್ತ ಮಾತ್ರ ಅವು ಬಳೆಯ ಹಾಗೆ ಸುತ್ತಿಕೊಂಡಂತೆ ಕಾಣುತ್ತವೆ.) ಕಪ್ಪು, ಕಡು ನೀಲಿ ಕಾರಿನಲ್ಲಿ ಇದು ಎದ್ದು ಕಾಣುತ್ತದೆ, ಬಿಳಿ ಕಾರಿನಲ್ಲಿ ಅಡಗಿರುತ್ತದೆ. ನಮ್ಮ ಸದಸ್ಯೆ ಉಜ್ಜಿದ್ದು ಬಿಳಿ ಕಾರಾಗಿದ್ದರೆ ಬಹುಶಃ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ತೊಳೆಯುವ ಕ್ರಮ

ಮೊದಲು ನಮ್ಮ ಮೈಮೇಲಿನದ್ದು. ಬಳೆ, ಉಂಗುರ ಬಿಚ್ಚಿಡಿ. ಸೆರಗಿಗೆ ಚುಚ್ಚಿದ ಪಿನ್ನು, ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ ತೆಗೆಯಿರಿ. ಕರಿಮಣಿ, ಸರ ಉದ್ದ ಇದ್ದರೆ ರವಿಕೆಯ ಒಳಗೆ ಹಾಕಿಕೊಳ್ಳಿ. ಬಾನೆಟ್ ಮೇಲೆ ಬಗ್ಗಿ ಒರೆಸುವಾಗ ಗೆರೆ ಬೀಳುವುದು ಇದರಿಂದಲೇ. ಪೈಂಟರ್ ಅಣ್ಣ ಇದನ್ನು ಹೇಳಲಿಲ್ಲ. ನಮ್ಮಲ್ಲೇ ಒಬ್ಬರ ಬಳೆ ಓಮ್ನಿಯ ಡೋರಿಗೆ ಕರ್ರ್ ಅಂದಾಗ ನಾವೇ ಕಂಡುಕೊಂಡೆವು.

ಕಾರು ನೆರಳಿನಲ್ಲಿರಲಿ, ಬಾನೆಟ್ ಮುಟ್ಟಿದರೆ ತಣ್ಣಗಿರಲಿ. ಓಡಿಸಿ ಬಂದ ಕೂಡಲೇ ತೊಳೆಯಬೇಡಿ. ಬಿಸಿ ತಗಡಿನ ಮೇಲೆ ಸೋಪು ನೀರು ಒರೆಸುವ ಮೊದಲೇ ಒಣಗಿ ಕಲೆ ಕಟ್ಟುತ್ತದೆ. ಬೋರ್‌ವೆಲ್ ನೀರಾದರೆ ಇನ್ನೂ ಕಷ್ಟ. ಬಿಸಿನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಸುಣ್ಣದ ಅಂಶ ಕಾರಿನ ಮೇಲೂ ಹನಿ ಹನಿಯಾಗಿ ಕೂರುತ್ತದೆ.

ಎರಡು ಬಕೆಟ್ ಬೇಕು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಶಾಂಪೂ ಎಂದರೆ ಕಾರಿಗೆಂದೇ ಮಾರುವ ಶಾಂಪೂ, ಬಾಟ್ಲಿಯಲ್ಲಿ ಬರೆದಷ್ಟೇ ಹಾಕಬೇಕು. ಬಟ್ಟೆ ಸೋಪಿನ ಪುಡಿಯಲ್ಲಿ ಖಾರವಾದ ಸೋಡಾ ಇರುತ್ತದೆ. ಅದೂ ಪಾತ್ರೆ ಸೋಪೂ ಜಿಡ್ಡು ತೆಗೆಯಲೆಂದೇ ಮಾಡಿದ್ದು, ಕಾರಿನ ಮೇಲೆ ಕಾಪಾಡಲು ಹಚ್ಚಿದ ಮೇಣದ ಪದರವನ್ನೂ ಎಬ್ಬಿಸಿಕೊಂಡು ಹೋಗುತ್ತವೆ. ಒಂದು ದಿನ ಪಾತ್ರೆ ಸೋಪು ಹಾಕಿದರೆ ಕಾರು ಕರಗಿ ಹೋಗುವುದಿಲ್ಲ, ಹೆದರಬೇಡಿ. ವಾರ ವಾರ ಹಾಕುವುದು ತಪ್ಪು.

ಕೈ ಹಾಕುವ ಮೊದಲು ಬರೀ ನೀರು. ಮಗ್ಗಿನಲ್ಲಿ ಮೇಲಿನಿಂದ ಸುರಿದು ಧೂಳು, ಮಣ್ಣು ತಾನಾಗಿ ಇಳಿದು ಹೋಗಲು ಬಿಡಿ. ಗಟ್ಟಿಯಾದ ಕೆಸರಿದ್ದರೆ ಒದ್ದೆ ಮಾಡಿ ಐದು ನಿಮಿಷ ಬಿಡಿ, ಮತ್ತೆ ಸುರಿಯಿರಿ. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ, ಎಲ್ಲರೂ ಅವಸರ ಮಾಡುವುದೂ ಇಲ್ಲೇ. ಮರಳು ನೀರಿನೊಂದಿಗೆ ಇಳಿದು ಹೋದರೆ ಬಟ್ಟೆಯ ಕೆಳಗೆ ಸಿಕ್ಕಿಕೊಳ್ಳಲು ಏನೂ ಉಳಿಯುವುದಿಲ್ಲ.

ಆಮೇಲೆ ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ ಮೇಲಿನ ಛಾವಣಿಯಿಂದ ಶುರು ಮಾಡಿ. ಈ ಬಟ್ಟೆಯಲ್ಲಿ ಟವೆಲಿನಂತೆ ಸಣ್ಣ ಎಳೆಗಳು ಎದ್ದಿರುತ್ತವೆ, ಉಳಿದ ಕಣಗಳು ಆ ಎಳೆಗಳ ಒಳಗೆ ಸೇರಿಕೊಳ್ಳುತ್ತವೆ. ಅದು ಸಿಗದಿದ್ದರೆ ಹಳೇ ಹತ್ತಿ ಬನಿಯನ್ ಆದೀತು, ಹೊಲಿಗೆ ಇರುವ ಭಾಗ ಕತ್ತರಿಸಿ ತೆಗೆಯಿರಿ. ಒತ್ತಬೇಡಿ. ಮಗುವಿನ ಮೈ ಒರೆಸುವಷ್ಟೇ ಭಾರ ಸಾಕು. ಒಂದು ಡೋರು ಮುಗಿದ ಮೇಲೆ ಬಟ್ಟೆಯನ್ನು ಬರೀ ನೀರಿನ ಬಕೆಟ್‌ನಲ್ಲಿ ಚೆನ್ನಾಗಿ ಜಾಲಿಸಿ ಹಿಂಡಿ, ಆಮೇಲೆ ಶಾಂಪೂ ಬಕೆಟ್‌ಗೆ ಅದ್ದಿ. ಒಂದೇ ಬಕೆಟ್ ಇಟ್ಟುಕೊಂಡರೆ ತೆಗೆದ ಮಣ್ಣನ್ನೇ ಮತ್ತೆ ಕಾರಿಗೆ ಹಚ್ಚಿದಂತೆ. ನಮ್ಮ ಓಮ್ನಿ ಮುಗಿದಾಗ ಬರೀ ನೀರಿನ ಬಕೆಟ್ ಅಡಿಯಲ್ಲಿ ಒಂದು ಹಿಡಿ ಕೆಂಪು ಮರಳು ಕೂತಿತ್ತು. ಇಷ್ಟು ವರ್ಷ ಅದನ್ನೆಲ್ಲ ನಾವು ಗಾಡಿಗೇ ಉಜ್ಜುತ್ತಿದ್ದೆವಲ್ಲಾ ಅಂತ ಅನಿಸಿತು.

ಡೋರಿನ ಕೆಳಭಾಗ, ಬಂಪರಿನ ಅಡಿ ಕೊನೆಗೆ. ಚಕ್ರಕ್ಕೆ ಬೇರೆಯೇ ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಎಷ್ಟು ಜಾಲಿಸಿದರೂ ಆ ದಿನ ಮತ್ತೆ ಬಣ್ಣಕ್ಕೆ ತಾಗಿಸಬೇಡಿ. ನೊರೆ ಒಣಗುವ ಮೊದಲೇ ಒಂದೊಂದು ಭಾಗಕ್ಕೂ ನೀರು ಸುರಿದು, ಪೂರ್ತಿ ಮುಗಿದ ಮೇಲೆ ಒಣ ಮೈಕ್ರೋಫೈಬರ್ ಬಟ್ಟೆಯಿಂದ ನೀರನ್ನು ಒತ್ತಿ ಒತ್ತಿ ಹೀರಿಸಿಕೊಳ್ಳಿ.

ನಮಗೆ ಒಟ್ಟು ನಾಲ್ಕು ಬಕೆಟ್ ನೀರು ಸಾಕಾಯಿತು. ಪೈಪು ಬಿಟ್ಟು ತೊಳೆದರೆ ಇದರ ಎಷ್ಟೋ ಪಟ್ಟು ಹರಿದು ಹೋಗುತ್ತದೆ. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಅಲ್ಲಿನ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಬೆಂಗಳೂರಿಗೆ ಕೆಲಸಕ್ಕೆ ಹೋಗಿರುವ ನಮ್ಮ ಹೆಣ್ಣುಮಕ್ಕಳು ಬೇಸಿಗೆಯಲ್ಲಿ ಇಂಥ ಆದೇಶ ಇದೆಯೇ ಅಂತ ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ತೊಳೆದ ನೀರು ಬಾವಿಯ ಕಡೆಗೆ, ತೋಡಿಗೆ ಹರಿಯದಂತೆ ಜಾಗ ನೋಡಿಕೊಳ್ಳಿ.

ಕಲೆಗಳ ವಿಷಯ

ಕಾಗೆ, ಬಾವಲಿ ಹಿಕ್ಕೆ ಬಣ್ಣದ ವೈರಿ. ಅದರಲ್ಲಿ ಆಮ್ಲ ಇರುತ್ತದೆ, ಬಿಸಿಲು ಬಿದ್ದರೆ ಒಂದೆರಡು ದಿನದಲ್ಲೇ ಬಣ್ಣದಲ್ಲಿ ಅಚ್ಚು ಒತ್ತಿದ ಹಾಗೆ ಗುರುತು ಉಳಿಯಬಹುದು. ಕಂಡ ದಿನವೇ ತೆಗೆಯಬೇಕು. ಆದರೆ ಉಗುರಿನಿಂದ ಕೆರೆಯಬಾರದು, ಅದರೊಳಗೆ ಬೀಜ, ಮರಳು ಇರುತ್ತದೆ. ಒದ್ದೆ ಬಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ, ಎತ್ತಿ ತೆಗೆಯಿರಿ.

ಮರದಡಿ ನಿಲ್ಲಿಸಿದ ಗಾಡಿಗೆ ಹಲಸಿನ ಮೇಣ ಬಿದ್ದರೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಲಸು ಕೊಯ್ಯುವಾಗ ಕೈಗೆ ಏನು ಹಚ್ಚುತ್ತೇವೋ ಅದೇ ತೆಂಗಿನೆಣ್ಣೆ. ಸ್ವಲ್ಪ ಹಚ್ಚಿ, ಬಿಟ್ಟು, ಮೆಲ್ಲಗೆ ಒರೆಸಿ, ಆ ಜಾಗವನ್ನು ಶಾಂಪೂ ಹಾಕಿ ತೊಳೆಯಿರಿ. ರಸ್ತೆಯ ಡಾಮರಿನ ಚುಕ್ಕೆಗೂ ಇದೇ ಉಪಾಯ, ಎರಡು ಮೂರು ಸಲ ಹಚ್ಚಬೇಕಾದೀತು. ಪೆಟ್ರೋಲು, ಥಿನ್ನರ್ ಬೇಡವೇ ಬೇಡ. ಥಿನ್ನರ್ ಬಣ್ಣವನ್ನೇ ಕರಗಿಸುವ ದ್ರವ.

ಬೋರ್‌ವೆಲ್ ನೀರಿನ ಬಿಳಿ ಚುಕ್ಕೆಗೆ ಅಂಗಡಿಯ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ ಒರೆಸಿ, ಕೂಡಲೇ ಚೆನ್ನಾಗಿ ತೊಳೆಯಿರಿ. ಹಿತ್ತಾಳೆ ದೀಪ ತಿಕ್ಕಿದ ನೆನಪಿನಲ್ಲಿ ಹುಣಸೆಹುಳಿ, ಬೂದಿ ತರಬೇಡಿ.

ಪಾಲಿಶ್ ಎಂದರೇನು, ವ್ಯಾಕ್ಸ್ ಎಂದರೇನು

ಅಂಗಡಿಯಲ್ಲಿ ಎಲ್ಲವನ್ನೂ ಪಾಲಿಶ್ ಅಂತಲೇ ಕೊಡುತ್ತಾರೆ. ಮೂರು ಬೇರೆ ಬೇರೆ ವಸ್ತು ಇವೆ. ರಬ್ಬಿಂಗ್ ಕಾಂಪೌಂಡ್ ಎಂಬುದು ಒರಟು, ಅದರಲ್ಲಿ ಬಣ್ಣವನ್ನು ಕೆರೆದು ತೆಗೆಯುವ ಕಣ ಹೆಚ್ಚು. ಪಾಲಿಶ್‌ನಲ್ಲೂ ಕಣ ಇದೆ, ಆದರೆ ಬಹಳ ನುಣುಪು. ವ್ಯಾಕ್ಸ್ ಮಾತ್ರ ಬರೀ ಮೇಣ, ಏನನ್ನೂ ತೆಗೆಯುವುದಿಲ್ಲ, ಮೇಲೆ ಹೊದಿಕೆಯಾಗಿ ಕೂರುತ್ತದೆ. ಒಳ್ಳೆಯ ಕಾರಿನ ಮೇಣವನ್ನು ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರದ ಎಲೆಗಳಿಂದ ತೆಗೆಯುತ್ತಾರೆ, ಹೆಸರು ಕಾರ್ನೋಬಾ. ಬಿಸಿಲಿಗೆ ನೀರು ಆರಿ ಹೋಗದ ಹಾಗೆ ಆ ಮರವೇ ತನ್ನ ಎಲೆಗೆ ಹಚ್ಚಿಕೊಂಡ ಮೇಣ ಅದು.

ಪಾಲಿಶ್ ಮಾಡಿದರೆ ಗೆರೆ ತುಂಬಿಕೊಳ್ಳುತ್ತದೆ ಎಂದು ನಾವು ತಿಳಿದಿದ್ದೆವು. ತಪ್ಪು. ಅದು ಗುಂಡಿ ಮುಚ್ಚುವುದಲ್ಲ, ಗುಂಡಿಯ ಸುತ್ತಲಿನ ದಿಣ್ಣೆಯನ್ನು ತಗ್ಗಿಸುವುದು. ಅಂದರೆ ಪ್ರತಿ ಸಲವೂ ಆ ಕೂದಲಿನಷ್ಟು ಪದರದಿಂದ ಒಂದಿಷ್ಟು ಹೋಗುತ್ತದೆ. ಹಾಗಾಗಿ ಹಬ್ಬ ಹಬ್ಬಕ್ಕೆ ಪಾಲಿಶ್ ಬೇಡ. ಗೆರೆ ಕಂಡರೆ ವರ್ಷಕ್ಕೊಮ್ಮೆ, ಅದಕ್ಕಿಂತ ಕಡಿಮೆ ಆದರೆ ಇನ್ನೂ ಒಳ್ಳೆಯದು. ವ್ಯಾಕ್ಸ್ ಎರಡು ಮೂರು ತಿಂಗಳಿಗೊಮ್ಮೆ ಹಚ್ಚಬಹುದು. ನಮ್ಮ ಕಡೆ ಮೇ ತಿಂಗಳಲ್ಲಿ, ಮಳೆ ಶುರುವಾಗುವ ಮೊದಲು ಒಂದು ಸಲ ಹಚ್ಚಲೇಬೇಕು. ನೀರು ಸುರಿದಾಗ ಕೆಸುವಿನ ಎಲೆಯ ಮೇಲಿನಂತೆ ಗುಂಡು ಗುಂಡಾಗಿ ಉರುಳಿದರೆ ಮೇಣ ಇನ್ನೂ ಇದೆ ಎಂದರ್ಥ.

ಗೆರೆಯ ಮೇಲೆ ಉಗುರು ಅಡ್ಡ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪಾಲಿಶ್‌ಗೆ ಬಗ್ಗೀತು. ಸಿಕ್ಕಿಕೊಂಡರೆ ಅದು ಆಳದ ಗಾಯ, ಕೈಯಲ್ಲಿ ಎಷ್ಟು ಉಜ್ಜಿದರೂ ಹೋಗದು, ಸುತ್ತಲಿನ ಬಣ್ಣ ಹಾಳಾಗುತ್ತದೆ ಅಷ್ಟೆ. ತಗಡು ಕಾಣುತ್ತಿದ್ದರೆ ತುಕ್ಕು ಹಿಡಿಯುವ ಮೊದಲು ಅದೇ ಬಣ್ಣದ ಟಚ್‌ಅಪ್ ಹಚ್ಚಿಸಬೇಕು.

ಪಾಲಿಶ್ ಮಾಡುವ ದಿನ ಕಾರು ತೊಳೆದು ಒಣಗಿರಬೇಕು. ಕೈಗೆ ತೆಳ್ಳಗಿನ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಸವರಿ ನೋಡಿ. ಬರಿಗೈಗೆ ತಿಳಿಯದ ಒರಟು ಚೀಲದೊಳಗಿನ ಕೈಗೆ ತಿಳಿಯುತ್ತದೆ. ಒರಟು ಇದ್ದಲ್ಲಿ ಮತ್ತೆ ತೊಳೆದೇ ಮುಂದೆ ಹೋಗಿ, ಅದರ ಮೇಲೆಯೇ ಪಾಲಿಶ್ ಉಜ್ಜಬೇಡಿ. ಮೊದಲು ಮೂಲೆಯಲ್ಲಿ, ಯಾರಿಗೂ ಕಾಣದ ಜಾಗದಲ್ಲಿ ಅಂಗೈ ಅಗಲ ಮಾಡಿ ನೋಡಿ. ಸರಿ ಅನಿಸಿದರೆ ಒಂದು ಸಲಕ್ಕೆ ಒಂದೂವರೆ ಅಡಿ ಚೌಕ ಮಾತ್ರ. ನಾಲ್ಕಾಣೆ ನಾಣ್ಯದಷ್ಟು ಪಾಲಿಶ್ ಸಾಕು. ಹಗುರವಾಗಿ, ಒಂದೇ ಸಮ ಭಾರದಲ್ಲಿ ಉಜ್ಜಿ, ಬೇರೆ ಶುದ್ಧ ಬಟ್ಟೆಯಿಂದ ಒರೆಸಿ ತೆಗೆಯಿರಿ. ಡೋರಿನ ಅಂಚು, ಬಾನೆಟ್‌ನ ಮಡಿಕೆ ಇರುವಲ್ಲಿ ಬಣ್ಣ ಇನ್ನೂ ತೆಳು, ಅಲ್ಲಿ ಕೈ ಹಾಕಬೇಡಿ. ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರಿಗೆ ಪಾಲಿಶ್ ಮಾಡಲೇಬಾರದು. ಗ್ಯಾರೇಜಿನಲ್ಲಿ ಹೊಸದಾಗಿ ಬಣ್ಣ ಹೊಡೆಸಿದ್ದರೆ ವ್ಯಾಕ್ಸ್ ಹಚ್ಚಲು ಎಷ್ಟು ದಿನ ಕಾಯಬೇಕೆಂದು ಹೊಡೆದವರನ್ನೇ ಕೇಳಿ, ತಿಂಗಳಿಗೂ ಹೆಚ್ಚು ಬೇಕಾಗಬಹುದು.

ನಾವು ಓಮ್ನಿಗೆ ಹಚ್ಚಿ ಒರೆಸಿದಾಗ ಬಟ್ಟೆಯೆಲ್ಲ ನೀಲಿ. ಕೈ ನಡುಗಿತು. ಪೈಂಟರ್ ಅಣ್ಣ ನಕ್ಕರು. "ಇದು ಹಿಂದೆ ಯಾರೋ ಬಣ್ಣ ಹೊಡೆಸಿದ ಗಾಡಿ ಅಕ್ಕ, ಮೇಲೆ ಕ್ಲಿಯರ್ ಕೋಟ್ ಇಲ್ಲ. ಅದಕ್ಕೇ ಬಣ್ಣವೇ ಬಟ್ಟೆಗೆ ಬರ್ತಾ ಉಂಟು" ಅಂದರು. ಬಟ್ಟೆಗೆ ಬಣ್ಣ ಹತ್ತಿದರೆ ಇನ್ನೂ ಹಗುರ ಕೈ ಬೇಕು, ಬೇಗ ನಿಲ್ಲಿಸಬೇಕು. ಬೇರೆಯವರ ಕಾರಾದರೆ ಅಲ್ಲಿಗೇ ಬಿಟ್ಟು ಮಾಲೀಕರನ್ನು ಕರೆದು ತೋರಿಸಿ.

ಅರ್ಧ ಬಾನೆಟ್‌ಗೆ ನಮಗೆ ಒಂದು ಗಂಟೆ ಹಿಡಿಯಿತು. ತೋಳು ಎತ್ತಲಾಗಲಿಲ್ಲ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಪಾಲಿಶ್‌ನ ದ್ರವ ಚರ್ಮಕ್ಕೆ ಒಳ್ಳೆಯದಲ್ಲ.

ಕೂಲಿಯ ಮಾತು

ಇದನ್ನು ಓದಿ ಕೆಲಸದ ಮನೆಯಲ್ಲಿ ಕಾರು ತೊಳೆಯಲು ಒಪ್ಪಿಕೊಳ್ಳುವವರಿಗೆ ಒಂದೆರಡು ಮಾತು. ನಾಳೆ ಕೆಲಸ ಶುರು ಮಾಡುವ ಮೊದಲು ಮನೆಯವರ ಜೊತೆ ಕಾರಿಗೆ ಒಂದು ಸುತ್ತು ಬನ್ನಿ. ಮೊದಲೇ ಇರುವ ಗೆರೆ, ತಗ್ಗು ಎಲ್ಲವನ್ನೂ ಬೆರಳಿಟ್ಟು ತೋರಿಸಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಶಾಂಪೂ, ಬಟ್ಟೆ, ಎರಡನೇ ಬಕೆಟ್ ಅವರೇ ತರಬೇಕು. ತರುವುದಿಲ್ಲ, ಇದ್ದ ಸ್ಕ್ರಬ್ಬರಿನಲ್ಲೇ ಮಾಡು ಅಂದರೆ ಅದು ಬಣ್ಣ ಕೆರೆಯುತ್ತದೆ ಅಂತ ಹೇಳಿಯೇ ಬಿಡಿ. ಸರಿಯಾಗಿ ತೊಳೆಯಲು ಮುಕ್ಕಾಲು ಗಂಟೆ ಬೇಕು. ಪಾತ್ರೆ, ನೆಲದ ಸಂಬಳದೊಳಗೇ ಇದನ್ನು ಸೇರಿಸಿಕೊಳ್ಳಬೇಡಿ, ಬೇರೆಯಾಗಿ ಕೇಳಿ. ಪಾಲಿಶ್ ಅಂತೂ ಒಂದು ದಿನದ ದುಡಿಮೆ. ನಮ್ಮ ಅಭಿಪ್ರಾಯದಲ್ಲಿ ರಬ್ಬಿಂಗ್ ಕಾಂಪೌಂಡ್ ಹಚ್ಚುವ ಕೆಲಸವನ್ನು, ಎಷ್ಟು ಹಣ ಕೊಟ್ಟರೂ, ಬೇರೆಯವರ ಕಾರಿನ ಮೇಲೆ ಒಪ್ಪಿಕೊಳ್ಳಲೇಬಾರದು.

ಆ ಸದಸ್ಯೆಯ 1,500 ರೂಪಾಯಿ ವಾಪಸು ಬರಲಿಲ್ಲ. ಕಂತಿನ ಬಾಕಿಯನ್ನು ಸಂಘದವರು ಮೂರು ತಿಂಗಳಿಗೆ ಹಂಚಿ, ದಂಡ ಬಡ್ಡಿ ಬೇಡವೆಂದು ನಿರ್ಣಯ ಬರೆದರು. ಅವರು ಆ ಮನೆಗೆ ಈಗಲೂ ಹೋಗುತ್ತಾರೆ. ಎರಡು ಬಕೆಟ್ ತರಿಸಿದ್ದಾರೆ, ಕಾರಿಗೆ ಬೇರೆ ಸಂಬಳ ಕೇಳಿದ್ದಾರೆ. ಸಂಬಳದ ಮಾತು ಇನ್ನೂ ತೀರ್ಮಾನ ಆಗಿಲ್ಲ.

ನಮ್ಮ ಓಮ್ನಿಯ ಉಳಿದ ಅರ್ಧ ಬಾನೆಟ್ ಹಾಗೆಯೇ ಇದೆ. ಮುಂದಿನ ಒಕ್ಕೂಟದ ಸಭೆಯ ದಿನ ಮಧ್ಯಾಹ್ನದ ಮೇಲೆ ಮಾಡೋಣ ಅಂತಿದ್ದೇವೆ. ಕೈ ಹಾಕಿ ಕಲಿಯಬೇಕೆನ್ನುವವರು ಒಂದು ಹಳೇ ಬನಿಯನ್ ಬಟ್ಟೆ ಹಿಡಿದುಕೊಂಡು ಬನ್ನಿ. ಬಳೆ ಮನೆಯಲ್ಲೇ ಬಿಚ್ಚಿಟ್ಟು ಬನ್ನಿ.